ಷರಾ ಕಾಲಂನಲ್ಲಿ ಹಿಡಿಸದ ಬೂದಿ

ನಮ್ಮ ಆಭರಣದಂಗಡಿಯ ರಿಪೇರಿ ಲಕೋಟೆಯ ಮೇಲೆ ಲೋಹ, ತೂಕ, ಕಲ್ಲು, ಅಳತೆ, ಮುದ್ರೆ ಎಲ್ಲಕ್ಕೂ ಚೌಕಗಳಿವೆ. ಒಳಗೆ ಏನಿದೆ ಎಂಬುದಕ್ಕೆ ಮಾತ್ರ ಇಲ್ಲ. ಬರ್ಮಿಂಗ್‌ಹ್ಯಾಮ್‌ನ ಅಕ್ಕಸಾಲಿಗರ ಕೇರಿಯಾದ ಜ್ಯುವೆಲರಿ ಕ್ವಾರ್ಟರ್‌ನಲ್ಲಿ ಇದು ನಗೆಪಾಟಲಿನ ಸಂಗತಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದೇ ಊರಿನವರು ವಿನೆಗ್ರೆಟ್ ಎಂಬ ಬೆಳ್ಳಿಯ ಪುಟ್ಟ ಪರಿಮಳದ ಡಬ್ಬಿಗಳನ್ನು ರಾಶಿ ರಾಶಿ ಮಾಡಿದರು: ಮುಚ್ಚಳದ ಕೆಳಗೆ ಜಾಲರಿ, ಅದರಡಿ ಪರಿಮಳದ ವಿನೆಗರ್‌ನಲ್ಲಿ ನೆನೆಸಿದ ಸ್ಪಂಜು, ಆಮ್ಲ ತಿನ್ನದಿರಲೆಂದು ಒಳಮೈಗೆ ಚಿನ್ನದ ಲೇಪ. 1861ರಲ್ಲಿ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಕಪ್ಪು ಉಡುಪನ್ನು ಬಿಡಲೇ ಇಲ್ಲ. ಸತ್ತವರ ಕೂದಲನ್ನು ಗಾಜಿನಡಿ ಇಟ್ಟ ಆ ಕಾಲದ ಲಾಕೆಟ್‌ಗಳು ಈಗಲೂ ನಮ್ಮ ಕೌಂಟರಿಗೆ ಬರುತ್ತವೆ. ಅವನ್ನು ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಬಾರದೆಂದು ಅಪ್ರೆಂಟಿಸ್‌ಗಳಿಗೂ ಗೊತ್ತು.

ಹಳೆಯ ಮಾಲಿಗೆ ಇಷ್ಟು ಮರ್ಯಾದೆ ಕೊಡುವ ನಾನು ಹೊಸ ಗಾತಿಕ್ ಬೆಳ್ಳಿಯನ್ನು ಆಟಿಕೆಯೆಂದೇ ನೋಡುತ್ತಿದ್ದೆ. ಬುರುಡೆ, ಬಾವಲಿ, ಶವಪೆಟ್ಟಿಗೆ, ಎಲ್ಲವೂ ರಾಕ್ ಸಂಗೀತದ ಹುಡುಗರ ಸರಕು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಾರ್ ಅಬ್ಬಿ ಎಂಬ ಹಳೆಯ ಮಠದಲ್ಲಿ ಸಿಕ್ಕ, ಶವಪೆಟ್ಟಿಗೆಯ ಆಕಾರದ ಪದಕವಿದೆ. ಹದಿನಾರನೆಯ ಶತಮಾನದ್ದು, ಮುಚ್ಚಳ ತೆಗೆದರೆ ಒಳಗೆ ಅಸ್ಥಿಪಂಜರ. ಅದನ್ನು ಭಕ್ತಿಯಿಂದ ನೋಡಿ ಬಂದವನು, ಅದೇ ವಂಶದ ಮೊಮ್ಮಗನನ್ನು ಬೆಂಚಿನ ಮೇಲೆ ಸಸಾರ ಮಾಡಿದೆ.

ಬಂದದ್ದು ದಪ್ಪನೆಯ ಬುರುಡೆ ಉಂಗುರ. ಹಣೆಯೇ ಮುಚ್ಚಳ, ಕಿವಿಯ ಬಳಿ ಪುಟ್ಟ ಕೀಲು, ಕಣ್ಣಿನ ಗುಳಿಗಳಲ್ಲಿ ಸಲ್ಫರಿನ ಕಪ್ಪು, ಒಳಬಳೆಯಲ್ಲಿ ಬೆಳ್ಳಿಯ ಶುದ್ಧತೆ ಹೇಳುವ 925, ಪಕ್ಕದಲ್ಲಿ ನಮ್ಮೂರಿನ ಪರೀಕ್ಷಾ ಮುದ್ರೆಯಾದ ಲಂಗರು. ಲಕೋಟೆಯ ಮೇಲೆ ‘ಕೀಲು ಬಿಗಿದಿದೆ, ಸರಿಪಡಿಸಿ’ ಎಂದಷ್ಟೇ ಇತ್ತು. ವಿಷ ಇದ್ದೀತು ಎಂದು ಯಾರೋ ತಮಾಷೆ ಮಾಡಿದರು. ಇಂಥ ಉಂಗುರ ಕಂಡಾಗಲೆಲ್ಲ ವಿಷವಿಕ್ಕುವುದಕ್ಕೆ ಕುಖ್ಯಾತವಾದ ಇಟಲಿಯ ಬೋರ್ಜಿಯಾ ಮನೆತನ ನೆನಪಾಗುವುದು ವಾಡಿಕೆ. ಆದರೆ ಹಳೆಯ ಉಂಗುರಗಳ ಗೂಡಿನಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಸುಗಂಧ, ಕೂದಲು, ಸಂತರ ಅವಶೇಷ.

ಬೆಂಚಿನ ಮರದ ಪೆಗ್‌ಗೆ ಒತ್ತಿ ಹಿಡಿದು ತೆಳು ಅಲಗನ್ನು ಸಂದಿಗೆ ತೂರಿಸಿದೆ. ಮುಚ್ಚಳ ಟಪ್ಪನೆ ಎದ್ದಿತು, ಬೂದುಬಣ್ಣದ ಪುಡಿ ಬೆಂಚಿನಡಿ ಪುಡಿ ಹಿಡಿಯಲು ಕಟ್ಟಿದ ತೊಗಲಿಗೆ ಸುರಿಯಿತು. ಕೊಳೆಯೆಂದುಕೊಂಡು ಮೂಲೆಯಲ್ಲಿ ಉಳಿದದ್ದನ್ನೂ ಬ್ರಷ್ಷಿನಿಂದ ಗೋರಿ ಹಾಕಿದೆ. ಕೀಲಿಗೆ ಬೆಸುಗೆ ಬೇಕಿತ್ತು. ಪಿಕಲ್ ಎಂಬ ಆಮ್ಲದ ದ್ರಾವಣವನ್ನು ಬಿಸಿಗಿಟ್ಟು ಬೆಸುಗೆಯ ಗ್ಯಾಸ್ ಟಾರ್ಚ್ ಹಚ್ಚಿದೆ. ಪಕ್ಕದ ಬೆಂಚಿನ ಹಿರಿಯರು ಕುತ್ತಿಗೆ ಚಾಚಿ ತೊಗಲನ್ನೊಮ್ಮೆ ನೋಡಿ, “ಟಾರ್ಚ್ ಆರಿಸು” ಎಂದರು. ಕಣ್ಣಿಗೆ ಲೂಪ್, ಅಂದರೆ ಭೂತಗನ್ನಡಿ, ಹಾಕಿಕೊಂಡೆ. ಪುಡಿಯಲ್ಲಿ ಬಿಳಿಯ ಚೂರುಗಳಿದ್ದವು. ಕೊಳೆ ಹಾಗಿರುವುದಿಲ್ಲ.

ತೊಗಲಿನಲ್ಲಿ ಬೆಳಗಿನಿಂದ ಬಿದ್ದ ಲೆಮೆಲ್, ಅಂದರೆ ಅರ ಉಜ್ಜಿದ ಲೋಹದ ಪುಡಿ, ಇತ್ತು. ಅರದ ಪುಡಿಗೂ ಮನುಷ್ಯನ ಬೂದಿಗೂ ಬಣ್ಣದಲ್ಲಿ ಅಂಥ ವ್ಯತ್ಯಾಸವಿಲ್ಲವೆಂದು ಆಗಲೇ ತಿಳಿದದ್ದು. ನೀರು ಹಾಕುವಂತಿಲ್ಲ. ಆಮ್ಲವನ್ನಂತೂ ಯೋಚಿಸುವಂತೆಯೇ ಇಲ್ಲ, ಮೂಳೆಯ ಬೂದಿ ಅದರಲ್ಲಿ ಹಾಗೇ ಉಳಿಯುವುದಿಲ್ಲ. ಕೊನೆಗೆ ನುಣುಪು ಕಾಗದದ ಮೇಲೆ ಹರಡಿ, ಓರೆ ಮಾಡಿ ತಟ್ಟುತ್ತಾ, ಮೊರದಲ್ಲಿ ಅಕ್ಕಿ ಕೇರಿದಂತೆ ಇಬ್ಬರೂ ಕೇರಿದೆವು. ಬೆಳ್ಳಿ ಭಾರ, ಹಿಂದೆ ನಿಲ್ಲುತ್ತದೆ. ಉಸಿರು ಬಿಡಲೂ ಭಯ. ನಮ್ಮ ಕಡೆ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಸ್ನಾನ ಮಾಡಿ ಬರುತ್ತಾರೆ. ಅದನ್ನು ಬೆರಳಿಗೆ ಹಾಕಿಕೊಂಡು ಓಡಾಡುವವರಿದ್ದಾರೆಂಬುದು ನನ್ನ ತಲೆಗೆ ಹೊಳೆಯಲು ಸಾಧ್ಯವೇ ಇರಲಿಲ್ಲ.

ಗ್ರಾಹಕರು ಕೇಳದಿದ್ದರೆ ಹೇಳುವುದು ಬೇಡ ಎಂದು ಮ್ಯಾನೇಜರ್ ಅಪ್ಪಣೆಯಾಯಿತು. ಆದರೆ ತಕ್ಕಡಿ ಬಾಯಿ ಮುಚ್ಚಿಕೊಂಡಿರಲಿಲ್ಲ: ಬಂದಾಗ 21.6 ಗ್ರಾಂ, ಬೂದಿ ತುಂಬಿ ಮುಚ್ಚಿದ ಮೇಲೆ 21.4. ತೂಕ ಇಳಿದರೆ ಕಾರಣ ಬರೆದುಕೊಡಬೇಕು. ಏನೆಂದು ಬರೆಯುವುದು?

ಒಯ್ಯಲು ಬಂದವರು ಎಪ್ಪತ್ತು ದಾಟಿದ ಮಹಿಳೆ. ನಾನೇ ಕೌಂಟರಿಗೆ ಹೋಗಿ ಹೇಳಿದೆ. ಅವರು ಉಂಗುರವನ್ನು ತಿರುಗಿಸಿ ನೋಡಿ, “ಮನೆಯಲ್ಲಿ ಇನ್ನೂ ಒಂದು ಜಾಡಿ ತುಂಬ ಇದ್ದಾರೆ, ಅದಕ್ಕೇನೂ ಬೇಸರವಿಲ್ಲ. ಆದರೆ ಕೊಡುವಾಗ ನಾನು ಹೇಳಿದ್ದೆನಲ್ಲ?” ಎಂದರು.

ಹೇಳಿದ್ದರು. ಕೌಂಟರಿನ ಹುಡುಗಿ ಟೈಪ್ ಮಾಡಿಯೂ ಇದ್ದಳು. ಷರಾ ಕಾಲಂ ಎಷ್ಟೇ ಉದ್ದ ಬರೆದರೂ ತೆರೆಯ ಮೇಲೆ ಒಪ್ಪಿಕೊಳ್ಳುತ್ತದೆ. ಲಕೋಟೆಯ ಚೀಟಿಗೆ ಮೊದಲ ಸಾಲನ್ನು ಮಾತ್ರ ಮುದ್ರಿಸುತ್ತದೆ. ‘ಒಳಗೆ ಪತಿಯ ಬೂದಿ ಇದೆ’ ಎಂಬುದು ಎರಡನೆಯ ಸಾಲಿನಲ್ಲಿತ್ತು.

ಸಾಫ್ಟ್‌ವೇರ್ ಬದಲಿಸಲು ದುಡ್ಡಿಲ್ಲವಂತೆ. ಬದಲಿಗೆ, ಆಭರಣದೊಳಗಿನ ವಸ್ತುಗಳಿಗೆ ಅಂಗಡಿ ಹೊಣೆಯಲ್ಲ ಎಂಬ ಒಕ್ಕಣೆಯನ್ನು ಲಕೋಟೆಯ ಮೇಲೆ ಅಚ್ಚು ಹಾಕಿಸಿದ್ದಾರೆ. ಅದಕ್ಕೆ ಜಾಗ ಸಿಕ್ಕಿತು. ಕೀಲು, ತಿರುಪು, ಮುಚ್ಚಳ ಯಾವುದು ಕಂಡರೂ ನಾನು ಲಕೋಟೆಯ ಹಿಂದೆ ಪೆನ್ಸಿಲ್ಲಿನಲ್ಲಿ ‘ಒಳಗೆ?’ ಎಂದು ಗೀಚಿ ಕೌಂಟರಿಗೆ ವಾಪಸು ಕಳಿಸುತ್ತೇನೆ. ಸಮಯ ಹಾಳು ಮಾಡುತ್ತೀಯ ಎಂದು ಕಳೆದ ವಾರವೂ ಬೈಸಿಕೊಂಡೆ.