ಇಂದ್ರಲಾಲ್ ರಾಯ್ ಸಮಾಧಿ ನೋಡಲು ಹೊರಟವರಿಗೆ

ಸಾಲುಸಾಲು ಬಿಳಿ ಕಲ್ಲುಗಳ ದೊಡ್ಡ ಸೈನಿಕ ಸ್ಮಶಾನಗಳಲ್ಲಿ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದ ಇಂದ್ರಲಾಲ್ ರಾಯ್ ಅವರನ್ನು ಹುಡುಕಬೇಡಿ. ಅವರು ಮಲಗಿರುವುದು ಉತ್ತರ ಫ್ರಾನ್ಸಿನ ಎಸ್ತೆವೆಲ್ ಎಂಬ ಸಣ್ಣ ಊರಿನ ಸಾರ್ವಜನಿಕ ಸ್ಮಶಾನದಲ್ಲಿ, ಊರಿನವರ ಗೋರಿಗಳ ನಡುವೆ. ಕಲ್ಕತ್ತೆಯಲ್ಲಿ ಹುಟ್ಟಿದ ಈ ಹುಡುಗ 1918ರ ಜುಲೈ 6ರಿಂದ 19ರೊಳಗೆ ಆಕಾಶದ ಕಾಳಗದಲ್ಲಿ ಶತ್ರು ವಿಮಾನಗಳ ಮೇಲೆ ಹತ್ತು ಗೆಲುವು ಗಳಿಸಿದ. ಜುಲೈ 22ರಂದು ಪಕ್ಕದ ಕಾರ್ವಾಂ ಊರಿನ ಮೇಲೆ ನಡೆದ ಕಾಳಗದಲ್ಲಿ ಅವನ ಎಸ್‌.ಇ.5ಎ ವಿಮಾನ ಉರುಳಿತು. ಆಗಿನ್ನೂ ಹತ್ತೊಂಬತ್ತರ ಪ್ರಾಯ. ಈ ಸೀಮೆ ಆಗ ಜರ್ಮನ್ನರ ವಶದಲ್ಲಿತ್ತು.

ಸಮೀಪದ ದೊಡ್ಡ ಊರು ಲಾನ್ಸ್ (Lens). ಬರೆಯುವ ಅಕ್ಷರ ನೋಡಿ ನಾವು 'ಲೆನ್ಸ್' ಎಂದು ಓದುತ್ತೇವೆ. ರೈಲಿನ ಘೋಷಣೆಯಲ್ಲಿ ಕೇಳಿಸುವುದು 'ಲಾನ್ಸ್'. ಇದೇ ಹೆಸರಿನ ಊರುಗಳು ಬೆಲ್ಜಿಯಂನಲ್ಲೂ ಸ್ವಿಟ್ಜರ್ಲೆಂಡ್‌ನಲ್ಲೂ ಇವೆ. ಟಿಕೆಟ್ ಮಾಡುವಾಗ, ನಕ್ಷೆಯಲ್ಲಿ ಹುಡುಕುವಾಗ 'ಪಾ-ದ-ಕಾಲೆ' ಜಿಲ್ಲೆಯದ್ದೇ ಎಂದು ಖಚಿತಮಾಡಿಕೊಳ್ಳಿ. ಪ್ಯಾರಿಸ್‌ನ ಗಾರ್ ದ್ಯು ನೋರ್ ನಿಲ್ದಾಣದಿಂದ ನೇರ ಟಿ.ಜಿ.ವಿ. (ಅತಿವೇಗದ ರೈಲು) ಹಿಡಿದರೆ ಒಂದೂಕಾಲು ಗಂಟೆಯ ಆಸುಪಾಸು. ಲೀಲ್‌ನಿಂದ ಪ್ರಾದೇಶಿಕ ರೈಲುಗಳಿವೆ.

ತೊಡಕಾಗುವುದು ಲಾನ್ಸ್‌ನಿಂದ ಮುಂದಿನ ಹತ್ತು ಕಿ.ಮೀ. ದಾರಿ. ನಮ್ಮೂರಿನ ಆಟೋದಂತೆ ಕೈ ಅಡ್ಡ ಹಿಡಿದರೆ ಟ್ಯಾಕ್ಸಿ ನಿಲ್ಲುವುದಿಲ್ಲ, ಮೊದಲೇ ಫೋನಿನಲ್ಲಿ ಹೇಳಿಡಬೇಕು. ಹೋಗಿ ಬರುವುದಕ್ಕೆ, ಅಲ್ಲಿ ಅರ್ಧ ಗಂಟೆ ಕಾಯುವುದಕ್ಕೆ ಎಲ್ಲಾ ಸೇರಿಸಿ ಮಾತಾಡಿಕೊಳ್ಳಿ. ಇಳಿದು ಕಳಿಸಿಬಿಟ್ಟರೆ ಹಿಂದಿರುಗಲು ಗಾಡಿ ಸಿಗದು. ಹಣ ಉಳಿಸಬೇಕೆಂದರೆ ಪೋಂತ್-ಆ-ವಾಂದಾಂ ನಿಲ್ದಾಣಕ್ಕೆ ರೈಲಿದೆ, ಅಲ್ಲಿಂದ ಅರ್ಧ ಮುಕ್ಕಾಲು ಗಂಟೆ ನಡಿಗೆ. ಭಾನುವಾರ ಮಾತ್ರ ಬೇಡ: ರೈಲು ಕಡಿಮೆ, ಅಂಗಡಿಗಳೂ ಮುಚ್ಚಿರುತ್ತವೆ. ನೀರು, ಬುತ್ತಿ ಲಾನ್ಸ್‌ನಲ್ಲೇ ಕಟ್ಟಿಸಿಕೊಳ್ಳಿ.

ಹೊರಡುವ ಮುಂಚೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ 'ರಾಯ್' (Roy) ಎಂಬ ಕುಲನಾಮ, 22 ಜುಲೈ 1918 ಎಂಬ ದಿನಾಂಕ ಹಾಕಿ ಹುಡುಕಿ, ಬರುವ ಪುಟವನ್ನು ಮುದ್ರಿಸಿಕೊಳ್ಳಿ. ಊರಿನಲ್ಲಿ ದಾರಿ ಕೇಳಲು ಆ ಒಂದು ಹಾಳೆ ಸಾಕು. ಇಂಗ್ಲಿಷ್ ಮಾತು ಅಲ್ಲಿ ನಡೆಯುತ್ತದೆಂದು ನಂಬಿಕೊಂಡು ಹೋಗಬೇಡಿ.

ಸಮಾಧಿಯ ಮೇಲೆ ಫ್ರೆಂಚ್ ಜೊತೆಗೆ ಬಂಗಾಳಿಯಲ್ಲೂ ಬರಹವಿದೆ: ಮಹಾವೀರನ ಸಮಾಧಿ, ಗೌರವ ತೋರಿ, ಮುಟ್ಟಬೇಡಿ. ಅಷ್ಟು ದೂರದ ಮಣ್ಣಿನಲ್ಲಿ ನಮ್ಮ ದೇಶದ ಲಿಪಿ ಕಂಡಾಗ ಕೈ ತಾನಾಗಿ ಕಲ್ಲಿನತ್ತ ಹೋಗುತ್ತದೆ. ಆ ಮಾತಿಗೆ ಬೆಲೆ ಕೊಟ್ಟು ತಡೆದುಕೊಳ್ಳಿ. ಕುಂಕುಮ, ಅರಿಶಿನ, ಎಣ್ಣೆ ಕಲ್ಲಿಗೆ ಇಳಿದರೆ ಕಲೆ ಹೋಗುವುದಿಲ್ಲ. ಅಕ್ಷರದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುವುದೂ ತಪ್ಪು. ಹೂವಿಟ್ಟರೆ ಸಾಕು. ಸೇವಂತಿಗೆಯೇ ಒಯ್ಯಬಹುದು: ನವೆಂಬರ್ 1ರಂದು ಫ್ರೆಂಚರು ತಮ್ಮವರ ಗೋರಿಗಳ ಮೇಲಿಡುವುದೂ ಸೇವಂತಿಗೆಯ ಕುಂಡವನ್ನೇ. ಪ್ಲಾಸ್ಟಿಕ್ ಹೊದಿಕೆ, ದಾರ ನಿಮ್ಮ ಚೀಲದಲ್ಲೇ ವಾಪಸ್ಸಾಗಲಿ.

ಬಾಡಿಗೆ ಕಾರಿದ್ದರೆ ಸುಮಾರು 20 ಕಿ.ಮೀ. ದೂರದ ನೂವ್-ಶಾಪೆಲ್‌ನ ಭಾರತೀಯ ಸ್ಮಾರಕವನ್ನೂ ಅದೇ ದಿನ ಸೇರಿಸಿಕೊಳ್ಳಿ. ರಾಯ್ ಹೆಸರನ್ನು ಅಲ್ಲಿ ಹುಡುಕಿ ಸೋತು ಬರುವವರಿದ್ದಾರೆ. 1927ರಲ್ಲಿ ತೆರೆದ ಆ ಗೋಡೆಯ ಮೇಲಿರುವುದು ಸಮಾಧಿಯ ಗುರುತೇ ಸಿಗದ 4,700ಕ್ಕೂ ಹೆಚ್ಚು ಭಾರತೀಯ ಯೋಧರ ಹೆಸರುಗಳು. ಓದುತ್ತಾ ನಡೆಯಲು ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ಒಯ್ದ ಹೂವಿನಲ್ಲಿ ಸ್ವಲ್ಪ ಅಲ್ಲಿಗೂ ಉಳಿಸಿರಿ.