ಒಲೆ ಮೇಲಿನ ಪುಲ್ಡ್ ಪೋರ್ಕ್: ಇಲ್ಲಿವರೆಗೆ ಆಗಿದ್ದು, ಇನ್ನೂ ಆಗಬೇಕಾದ್ದು

ಸ್ಮೋಕರ್ (ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆ) ಇಲ್ಲ, ಓವನ್ ಇಲ್ಲ. ಒಲೆ ಮೇಲೇ ಬಾರ್ಬೆಕ್ಯೂ ಪುಲ್ಡ್ ಪೋರ್ಕ್ (ಮೆತ್ತಗೆ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಹಂದಿ ಮಾಂಸ) ಸ್ಯಾಂಡ್‌ವಿಚ್ ಆಗಬೇಕು, ಅದೂ ಸಂಜೆ ಶುರು ಮಾಡಿದರೆ ರಾತ್ರಿ ಊಟದ ಹೊತ್ತಿಗೆ. ಅಸಲಿ ಪದ್ಧತಿಯಲ್ಲಿ ಹಂದಿಯ ಭುಜದ ಇಡೀ ತುಂಡನ್ನು ಸುಮಾರು 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಕಟ್ಟಿಗೆಯ ಹೊಗೆಯಲ್ಲಿ 8ರಿಂದ 12 ಗಂಟೆ ಇಡುತ್ತಾರೆ. ಅದರ ಜೊತೆ ಪೈಪೋಟಿಗೆ ನಾನು ನಿಂತಿಲ್ಲ. ಬನ್ನಿನ ಒಳಗೆ ಕೂತು, ಸಾಸ್ ಸುರಿಯುತ್ತಾ, ತಿಂದವರು ಇನ್ನೊಂದು ಕೇಳುವ ಹಾಗಿದ್ದರೆ ಸಾಕು.

ಯಾವ ಮಾಂಸ ಅನ್ನುವುದು ತೀರ್ಮಾನ ಆಗಿದೆ: ಭುಜದ ಭಾಗ. ಬೇಗ ಆಗಲಿ ಅಂತ ಬೆನ್ನಿನ ಒಳಗಿನ ಮೆತ್ತನೆ ತುಂಡಾದ ಟೆಂಡರ್‌ಲಾಯಿನ್ ಬಳಸುವವರು ಬಹಳ ಜನ ಇದ್ದಾರೆ. ಅದು ಬೇಗ ಬೇಯುತ್ತದೆ, ನಿಜ. ಆದರೆ ಅದರಲ್ಲಿ ಕೊಬ್ಬು ಕಡಿಮೆ, ಮಾಂಸವನ್ನು ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನೂ ಕಡಿಮೆ. ಎಳೆ ಬಿಡಿಸಿದರೆ ಒಣ ನಾರು ಕೈಗೆ ಬರುತ್ತದೆ, ಸಾಸ್ ಸುರಿದು ಸುಧಾರಿಸಬೇಕು. ಭುಜದಲ್ಲಿ ಮಾಂಸದ ನಡುವೆಯೇ ಕೊಬ್ಬು, ಬಿಳಿ ಪೊರೆ ಎಲ್ಲ ಇರುತ್ತದೆ. ನಿಧಾನವಾಗಿ ಬೆಂದಾಗ ಆ ಪೊರೆಯ ಕೊಲಾಜನ್ ಕರಗಿ ಜೆಲಟಿನ್ ಆಗುತ್ತದೆ. ತಿನ್ನುವಾಗ ತುಟಿಗೆ ಸ್ವಲ್ಪ ಅಂಟಿದ ಹಾಗೆ ಅನಿಸುತ್ತದಲ್ವಾ, ಅದು ಇದೇ.

ಸಮಯ ಉಳಿಸಲು ಉರಿ ಜಾಸ್ತಿ ಮಾಡಬಾರದು, ತುಂಡು ಸಣ್ಣದು ಮಾಡಬೇಕು. ಈಗ 1 ಕಿಲೋ ಮಾಂಸವನ್ನು 4-5 ಸೆಂಟಿಮೀಟರ್ ತುಂಡು ಮಾಡಿ, ನೀರಿನಂಶ ಒರೆಸಿ, ಉಪ್ಪು ಹಚ್ಚಿ, ಕುಕ್ಕರ್ ತಳದಲ್ಲೇ ಒಂದು ಕಡೆ ಮಾತ್ರ ಚೆನ್ನಾಗಿ ಕೆಂಪಗೆ ಮಾಡುತ್ತಿದ್ದೇನೆ. ಎಲ್ಲ ಕಡೆ ತಿರುಗಿಸಿ ಹುರಿದರೆ ಹೊತ್ತು ಹೋಗುತ್ತದೆ, ರುಚಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ, ಒಂದು ಲೋಟ ನೀರು, ಎರಡು ಚಮಚ ವಿನೆಗರ್. ಮೊದಲ ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 40-45 ನಿಮಿಷ. ಪ್ರೆಶರ್ ತಾನಾಗಿ ಇಳಿಯಬೇಕು, ತೂಕ ಎತ್ತಿ ಬುಸ್ ಅನ್ನಿಸಬಾರದು. ಕುಕ್ಕರ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಗೆ ಮುಚ್ಚಳ ಹಾಕಿ ಒಂದೂವರೆಯಿಂದ ಎರಡು ಗಂಟೆ. ಕೆಚಪ್, ಸಕ್ಕರೆ ಯಾವುದನ್ನೂ ಈ ಹಂತದಲ್ಲಿ ಹಾಕಬೇಡಿ. ಗಟ್ಟಿ ಸಾಸ್ ತಳ ಹಿಡಿದು ಸೀದು ಹೋಗುತ್ತದೆ.

ಬೆಂದಿದೆಯಾ ಅಂತ ನೋಡಲು ತುಂಡಿಗೆ ಫೋರ್ಕ್ ಚುಚ್ಚಿ ತಿರುಗಿಸುತ್ತೇನೆ. ತಡೆ ಇಲ್ಲದೆ ಬಿಚ್ಚಿಕೊಂಡರೆ ಆಯ್ತು. ಥರ್ಮಾಮೀಟರ್ ಇಟ್ಟುಕೊಂಡವರಿಗೆ ಲೆಕ್ಕ ಹೇಳಬೇಕೆಂದರೆ ಒಳಗೆ 93ರಿಂದ 96 ಡಿಗ್ರಿ. ಹಂದಿ ಮಾಂಸ ತಿನ್ನಲು ಸುರಕ್ಷಿತ ಆಗುವುದು ಇದಕ್ಕಿಂತ ಎಷ್ಟೋ ಮೊದಲೇ, ಆದರೆ ಆಗ ಅದು ಎಳೆ ಬಿಡುವುದಿಲ್ಲ. ಬಿಸಿ ಇರುವಾಗಲೇ ಎರಡು ಫೋರ್ಕ್ ಹಿಡಿದು ಬಿಡಿಸಿ, ತಣ್ಣಗಾದರೆ ಹಟ ಮಾಡುತ್ತದೆ. ತೀರಾ ಸಣ್ಣ ಎಳೆ ಮಾಡಬೇಡಿ, ಸಾಸ್ ಬಿದ್ದ ಮೇಲೆ ಹಿಟ್ಟು ಹಿಟ್ಟಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿ ಬಾಟಲಿ ಸಾಸ್ ಕಲಸಿದರೆ ಅದು ಬೇಯಿಸಿದ ಮಾಂಸಕ್ಕೆ ಸಾಸ್, ಅಷ್ಟೇ. ಬಾರ್ಬೆಕ್ಯೂ ರುಚಿ ಹತ್ತಿರ ಬಂದಿದ್ದು ಮುಂದಿನ ಎರಡು ಕೆಲಸದಿಂದ.

ಒಂದು, ಕುಕ್ಕರಿನಲ್ಲಿ ಉಳಿದ ರಸ. ಮೇಲೆ ತೇಲುವ ಕೊಬ್ಬನ್ನು ತೆಗೆದು ಬೇರೆ ಇಡುತ್ತೇನೆ. ಉಳಿದದ್ದನ್ನು ಅಗಲ ಬಾಣಲೆಯಲ್ಲಿ ಜೋರು ಉರಿಗೆ ಇಟ್ಟರೆ ಮೊದಲು ದೊಡ್ಡ ಗುಳ್ಳೆ, ಆಮೇಲೆ ಸಣ್ಣ ಸಣ್ಣ ಹೊಳೆಯುವ ಗುಳ್ಳೆ. ಸೌಟಿನ ಹಿಂಬದಿಗೆ ಅಂಟುವ ಹದಕ್ಕೆ ಬಂದಾಗ ಉರಿ ಇಳಿಸಿ ಮುಕ್ಕಾಲು ಕಪ್ ಕೆಚಪ್, ಕಾಲು ಕಪ್ ವಿನೆಗರ್, ಮೂರು ದೊಡ್ಡ ಚಮಚ ಬ್ರೌನ್ ಶುಗರ್, ಒಂದೊಂದು ದೊಡ್ಡ ಚಮಚ ಸಾಸಿವೆ ಪೇಸ್ಟ್ ಮತ್ತು ವೂಸ್ಟರ್‌ಶೈರ್ ಸಾಸ್, ಎರಡು ಚಿಕ್ಕ ಚಮಚ ಸ್ಮೋಕ್ಡ್ ಪ್ಯಾಪ್ರಿಕಾ (ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಪುಡಿ), ಕಾಳುಮೆಣಸು. ಉಪ್ಪು ಕೊನೆಗೆ, ರುಚಿ ನೋಡಿಯೇ. ರಸ ಇಂಗಿದಷ್ಟೂ ಉಪ್ಪು ಏರುತ್ತದೆ.

ಎರಡನೆಯದು, ತೆಗೆದಿಟ್ಟ ಕೊಬ್ಬು. ಅದನ್ನೇ ಕಬ್ಬಿಣದ ಬಾಣಲೆಗೆ ಹಾಕಿ, ಬಿಡಿಸಿದ ಮಾಂಸವನ್ನು ತೆಳ್ಳಗೆ ಹರಡಿ 3-4 ನಿಮಿಷ ಕೈ ಹಚ್ಚದೆ ಬಿಡುತ್ತೇನೆ. ಚಟಪಟ ಸದ್ದು ಕಡಿಮೆಯಾಗುವಾಗ ಅಡಿಯ ಎಳೆಗಳ ತುದಿ ಕಂದು ಬಣ್ಣಕ್ಕೆ ತಿರುಗಿ ಗರಿಗರಿ ಆಗಿರುತ್ತವೆ. ಸ್ಮೋಕರಿನ ಮಾಂಸಕ್ಕೆ ಹೊರಗೆ ಕಪ್ಪು ತೊಗಟೆ ಕಟ್ಟುತ್ತದಲ್ಲ, ಒಲೆ ಮೇಲೆ ಅದರ ಹತ್ತಿರ ಹೋಗಲು ನನಗೆ ಸಿಕ್ಕಿದ ದಾರಿ ಇದೊಂದೇ. ಒಮ್ಮೆ ಮಗುಚಿ, ಸಾಸಿನ ಅರ್ಧ ಮಾತ್ರ ಇಲ್ಲಿ ಕಲಸಿ, ಉಳಿದರ್ಧ ಬಡಿಸುವಾಗ.

ಹೊಗೆ ವಿಷಯ ಇನ್ನೂ ಬಗೆಹರಿದಿಲ್ಲ. ಲಿಕ್ವಿಡ್ ಸ್ಮೋಕ್ ಅಂದರೆ ಬರೀ ಕೆಮಿಕಲ್ ಅಂತ ಕೆಲವರು ಮೂಗು ಮುರಿಯುತ್ತಾರೆ. ಅದು ಕಟ್ಟಿಗೆಯ ಹೊಗೆಯನ್ನೇ ತಣಿಸಿ ದ್ರವ ಮಾಡಿದ್ದು. 1 ಕಿಲೋಗೆ ಕಾಲು ಚಿಕ್ಕ ಚಮಚ ಸಾಕು, ಹೆಚ್ಚಾದರೆ ಬೂದಿ ನೆಕ್ಕಿದಂತೆ. ಸದ್ಯಕ್ಕೆ ನನ್ನ ಒಲವು ಪ್ಯಾಪ್ರಿಕಾ ಕಡೆಗೇ ಇದೆ.

ಬನ್ ಬಗ್ಗೆ ಹೆಚ್ಚು ಹೇಳೋಕೇನಿಲ್ಲ. ಮೆತ್ತಗಿನ ಬನ್ ಸೀಳಿ, ಒಳಭಾಗಕ್ಕೆ ಬೆಣ್ಣೆ ಸವರಿ ತವಾ ಮೇಲೆ ಕೆಂಪಗೆ ಮಾಡಿದರೆ ಸಾಸ್ ಬೇಗ ಒಳಗೆ ಇಳಿಯುವುದಿಲ್ಲ. ಎಲೆಕೋಸಿಗೆ ಉಪ್ಪು ಹಾಕಿ 15 ನಿಮಿಷ ಬಿಟ್ಟು, ಹಿಂಡಿ, ವಿನೆಗರ್ ಮತ್ತು ಸ್ವಲ್ಪ ಮೇಯೊನೀಸ್ ಕಲಸಿ ಮೇಲೆ ಇಡುತ್ತೇನೆ. ಹಿಂಡದೆ ಇಟ್ಟರೆ ತಿನ್ನುವಷ್ಟರಲ್ಲಿ ಬನ್ ನೆನೆದು ಜಾರುತ್ತದೆ. ಉಳಿದ ಮಾಂಸ ಫ್ರಿಜ್ಜಿನಲ್ಲಿ 3-4 ದಿನ ಇರುತ್ತದೆ. ಎಲ್ಲ ಒಂದೇ ಸಲ ಗರಿಗರಿ ಮಾಡದೆ, ಬೇಕಾದಷ್ಟನ್ನೇ ಆಯಾ ಹೊತ್ತಿಗೆ ಬಾಣಲೆಗೆ ಹಾಕಿ.

ಮುಂದಿನ ಕೆಲಸ ಸಾಸ್ ಮೇಲೆ. ಅಮೆರಿಕದಲ್ಲಿ ಇದು ಊರಿಗೊಂದು ಥರ. ಕ್ಯಾನ್ಸಸ್ ಸಿಟಿಯದ್ದು ಟೊಮೆಟೊ, ಮೊಲಾಸಿಸ್ (ಸಕ್ಕರೆ ತಯಾರಿಸುವಾಗ ಉಳಿಯುವ ಕಪ್ಪು ಪಾಕ) ಹಾಕಿದ ಗಟ್ಟಿ ಸಿಹಿ ಸಾಸ್. ದಕ್ಷಿಣ ಕ್ಯಾರೊಲಿನಾದಲ್ಲಿ ಸಾಸಿವೆಯ ಹಳದಿ ಸಾಸ್ ಹೆಸರುವಾಸಿ. ಉತ್ತರ ಕ್ಯಾರೊಲಿನಾದ ಪೂರ್ವ ಭಾಗದಲ್ಲಿ ಬರೀ ವಿನೆಗರ್, ಮೆಣಸಿನಕಾಯಿ, ಟೊಮೆಟೊ ಸೋಕಿಸುವ ಹಾಗೇ ಇಲ್ಲ. ನನ್ನದು ಈಗ ಕ್ಯಾನ್ಸಸ್ ಸಿಟಿ ಕಡೆಗೆ ವಾಲಿದೆ, ಎರಡನೇ ಸ್ಯಾಂಡ್‌ವಿಚ್ ಹೊತ್ತಿಗೆ ಸಿಹಿ ಜಾಸ್ತಿ ಅನಿಸುತ್ತಿದೆ. ಮುಂದಿನ ಸಲ ಕೆಚಪ್ ಬಿಟ್ಟು, ಇಂಗಿಸಿದ ರಸಕ್ಕೆ ವಿನೆಗರ್ ಮತ್ತು ಒಣಮೆಣಸಿನ ಚೂರು ಮಾತ್ರ ಹಾಕಿ ನೋಡುತ್ತೇನೆ.