ಬಾಯಿಹುಣ್ಣು ಅಂದರೆ ಬರೀ ಉಷ್ಣನಾ?

ನಮ್ಮ ತೀರ್ಥಹಳ್ಳಿ ಕಡೆ ಬಾಯಲ್ಲಿ ಹುಣ್ಣಾಯಿತು ಅಂದರೆ ಮನೆಮಂದಿಯೆಲ್ಲ ಡಾಕ್ಟರೇ. ಉಷ್ಣ ಆಗಿದೆ, ಒಂದೆಲಗದ ತಂಬುಳಿ ಉಣ್ಣು ಅಂತಾರೆ ಅತ್ತೆ. ಮೆಡಿಕಲ್ ಶಾಪಿನವರು ಕೇಳೋಕೆ ಮುಂಚೆಯೇ ಬಿ ಕಾಂಪ್ಲೆಕ್ಸ್ ಕೊಡುತ್ತಾರೆ. ಸಾಮಾನ್ಯ ಹುಣ್ಣು ವಾರ, ಹತ್ತು ದಿನದಲ್ಲಿ ತಾನಾಗೇ ಮಾಯುತ್ತೆ, ಹೆಸರು ಮಾತ್ರ ತಂಬುಳಿಗೆ! ಇರಲಿ, ತಂಬುಳಿ ಮೇಲೆ ನನಗೇನೂ ಸಿಟ್ಟಿಲ್ಲ.

ಅಕ್ಕನ ಮಗನಿಗೆ ಹಾಗಾಗಲಿಲ್ಲ. ಕೆಳತುಟಿಯ ಒಳಗೆ, ನಾಲಿಗೆಯ ಪಕ್ಕದಲ್ಲಿ, ನಡುವೆ ಬಿಳಿ ಸುತ್ತ ಕೆಂಪು ಅಂಚಿನ ಹುಣ್ಣು, ಒಂದು ಮಾಯುವಷ್ಟರಲ್ಲಿ ಇನ್ನೊಂದು. ಅಪ್ಪೆಮಿಡಿ ಇಲ್ಲದೆ ಊಟಕ್ಕೆ ಕೂರದ ಹುಡುಗ ಭರಣಿ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಜೊತೆಗೆ ಹೊಟ್ಟೆ ಹಿಂಡುತ್ತಿತ್ತು, ಉಂಡ ಕೂಡಲೇ ಕಕ್ಕಸಿಗೆ ಓಡುತ್ತಿದ್ದ, ಪ್ಯಾಂಟು ಸಡಿಲ ಆಗಿತ್ತು. ಹೊಟ್ಟೆಗೊಂದು ಔಷಧಿ, ಬಾಯಿಗೊಂದು ಔಷಧಿ, ಎರಡನ್ನೂ ಸೇರಿಸಿ ನೋಡಿದವರು ಯಾರೂ ಇರಲಿಲ್ಲ. ಕೊನೆಗೆ ಶಿವಮೊಗ್ಗದಲ್ಲಿ ಹಲ್ಲಿನ ಡಾಕ್ಟರೊಬ್ಬರು ಬಾಯಿ ನೋಡುತ್ತಲೇ "ಹೊಟ್ಟೆ ಹೇಗಿದೆ ಮಾರಾಯ?" ಅಂತ ಕೇಳಿದರು. ರಕ್ತ, ಮಲದ ಪರೀಕ್ಷೆ, ಆಮೇಲೆ ಕೊಲೊನೋಸ್ಕೋಪಿ (ಗುದದ ಮೂಲಕ ಕ್ಯಾಮೆರಾ ಕೊಳವೆ ಬಿಟ್ಟು ಕರುಳು ನೋಡೋದು), ಬಯಾಪ್ಸಿ (ಚೂರು ಮಾಂಸ ತೆಗೆದು ಪರೀಕ್ಷೆ). ಗೊತ್ತಾಗಿದ್ದು ಕ್ರೋನ್ಸ್ ಕಾಯಿಲೆ, ಅಂದರೆ ಜೀರ್ಣನಾಳದಲ್ಲಿ ಊತ, ಹುಣ್ಣು ಮಾಡಿ ವರ್ಷಗಟ್ಟಲೆ ಕಾಡುವ ಕಾಯಿಲೆ.

1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಜೊತೆಗಾರರು ಇದನ್ನು ವಿವರಿಸಿದಾಗ ಸಣ್ಣ ಕರುಳಿನ ಕೊನೆ ಭಾಗದ ಕಾಯಿಲೆ ಅಂತಲೇ ಬರೆದಿದ್ದರು. ಆದರೆ ಇದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳುತ್ತೆ. ತುಟಿ ಊದಿಕೊಂಡು ಇಳಿಯದೇ ಇರಬಹುದು, ಕೆನ್ನೆಯ ಒಳಭಾಗ ಗಂಟುಗಂಟಾಗಿ ಸೀಳು ಬಿಡಬಹುದು, ಕೆಲವರಿಗೆ, ಅದರಲ್ಲೂ ಮಕ್ಕಳಿಗೆ, ಹೊಟ್ಟೆಗಿಂತ ಮೊದಲು ಬಾಯಲ್ಲೇ ಶುರುವಾಗಬಹುದು. ಅಲ್ಸರೇಟಿವ್ ಕೊಲೈಟಿಸ್ ಅಂತ ಇದೇ ಜಾತಿಯ ಇನ್ನೊಂದು ಕಾಯಿಲೆ ಇದೆ, ಅದು ದೊಡ್ಡ ಕರುಳಿನದ್ದು, ಅದರಲ್ಲೂ ಬಾಯಿಹುಣ್ಣು ಬರುತ್ತೆ. ಅಪರೂಪಕ್ಕೆ ಒಸಡಿನ ಮೇಲೆ ಹಳದಿ ಕೀವುಗುಳ್ಳೆ ಸಾಲುಗಟ್ಟುತ್ತವೆ.

ಕರುಳಿನ ಕಾಯಿಲೆ ಬಾಯಿಗೆ ಬರೋಕೆ ಇನ್ನೊಂದು ದಾರಿಯೂ ಇದೆ. ಬಿ12 ವಿಟಮಿನ್ ನಮ್ಮ ಮೈಗೆ ಸೇರೋದು ಸಣ್ಣ ಕರುಳಿನ ಆ ಕೊನೆ ಭಾಗದಲ್ಲೇ. ಅಲ್ಲೇ ಗಾಯವಾದರೆ ಮಾಮೂಲಿ ಮಾತ್ರೆ ನುಂಗಿದರೂ ಸರಿಯಾಗಿ ಹತ್ತದೇ ಇರಬಹುದು. ರಕ್ತ ಹೋಗಿ ಹೋಗಿ ಕಬ್ಬಿಣದ ಅಂಶವೂ ಇಳಿಯುತ್ತೆ. ಆಗ ನಾಲಿಗೆ ನುಣ್ಣಗೆ ಕೆಂಪಾಗಿ ಉರಿಯುತ್ತೆ, ಬಾಯಿಯ ಮೂಲೆ ಬಿರಿಯುತ್ತೆ. ಕ್ರೋನ್ಸ್ ಚಿಕಿತ್ಸೆಗೆ ಕೊಡೋ ಮೆಥೊಟ್ರೆಕ್ಸೇಟ್ ಅನ್ನೋ ಔಷಧಿಯಿಂದಲೂ ಹುಣ್ಣಾಗಬಹುದು, ಸ್ಟಿರಾಯ್ಡ್‌ನಿಂದ ಬಾಯಲ್ಲಿ ಬೆಳ್ಳಗೆ ಫಂಗಸ್ ಕೂರಬಹುದು. ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಹೇಳಿ.

ಹುಣ್ಣಾದವರಿಗೆಲ್ಲ ಕರುಳಿನ ಕಾಯಿಲೆ ಇರುತ್ತೆ ಅಂತಲ್ಲ, ಹೆಚ್ಚಿನವರಿಗೆ ಇರಲ್ಲ. ಆದರೆ ಹುಣ್ಣಿನ ಜೊತೆ ವಾರಗಟ್ಟಲೆ ಭೇದಿ, ತೂಕ ಇಳಿಯೋದು, ಮಲದಲ್ಲಿ ರಕ್ತ (ಅದನ್ನೂ ಮೂಲವ್ಯಾಧಿ ಅಂತ ಸುಮ್ನೆ ಬಿಡ್ತೀವಿ, ಅಲ್ವಾ?) ಇದ್ದರೆ ಎಲ್ಲವನ್ನೂ ಒಬ್ಬರೇ ಡಾಕ್ಟರ ಮುಂದೆ ಹೇಳಿ. ಕರುಳಿನ ಟಿಬಿಯೂ ಕ್ರೋನ್ಸ್ ತರಹವೇ ಕಾಣುತ್ತೆ, ಔಷಧಿ ಮಾತ್ರ ಬೇರೆ, ಹಾಗಾಗಿ ಪರೀಕ್ಷೆ ಜಾಸ್ತಿ ಬರೆದರೆ ಗೊಣಗಬೇಡಿ. ಎಲೆಅಡಿಕೆ ಹಾಕುವವರಿಗೆ ಒಂದೇ ಜಾಗದ ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ ಕರುಳಿನ ಮಾತು ಆಮೇಲೆ, ಕ್ಯಾನ್ಸರ್ ಅಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.